ದೇವರ ಕಾಲದ ಮರದ ಡಬ್ಬಿ ತಂದೆ, ಮಳೆಗಾಲದಲ್ಲಿ ಮುಚ್ಚಳ ಕಚ್ಚಿಕೊಂಡಿದೆ. ಗೊತ್ತಿದ್ದವರು ಹೇಳಿ

ಪಣಂಬೂರು_ಪಯಣಿಗ

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ಕಂಪನಿ ಕೆಲಸಕ್ಕೆ ಜಪಾನಿನ ಅಕಿತಾಗೆ ಹೋಗಿದ್ದೆ. ಒಂದು ಭಾನುವಾರ ಬಿಡುವಿತ್ತು. ಸಮುದ್ರದ ದಡದ ಒಂದು ಪುಟ್ಟ ಊರಿಗೆ ರೈಲಿನಲ್ಲಿ ಹೋದೆ. ಅಲ್ಲಿ ಒಬ್ಬ ಅಜ್ಜನ ಮರಗೆಲಸದ ಅಂಗಡಿ. ಅಂಗೈಯಗಲದ ಚೌಕ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಬಣ್ಣ ಹೇಗಿತ್ತು ಅಂದರೆ, ಒಲೆಯ ಬೂದಿಗೆ ಸ್ವಲ್ಪ ನೀರು ಚಿಮುಕಿಸಿದ ಹಾಗೆ. ಎಳೆಗಳು ನೇರ ನೇರ, ಬಾಚಿದ ತಲೆಗೂದಲಿನಂತೆ. ಪಾಲಿಷ್ ಇಲ್ಲ, ಬಣ್ಣ ಇಲ್ಲ.

ಅಜ್ಜ ಹೇಳಿದ್ದು ಒಂದೇ ಮಾತು: "ಜಿಂದಾಯ್-ಸುಗಿ." ಫೋನಿನ ಅನುವಾದದಲ್ಲಿ "ದೇವರ ಕಾಲದ ಸೀಡರ್" ಎಂದು ಬಂತು. ಬೆರಳು ಮಡಚಿ 2,500 ವರ್ಷ ಎಂದು ತೋರಿಸಿದರು. 24,000 ಯೆನ್ ಕೊಟ್ಟು ತಂದೆ. ಮನೆಯಲ್ಲಿ ಬೆಲೆಯನ್ನು ಅರ್ಧ ಮಾಡಿ ಹೇಳಿದ್ದೇನೆ, ದಯವಿಟ್ಟು ಯಾರೂ ಬಾಯಿ ಬಿಡಬೇಡಿ.

ಈಗ ಸಮಸ್ಯೆ. ಜೂನ್ ಮಳೆ ಶುರುವಾಗಿ ಮೂರು ವಾರ. ಮುಚ್ಚಳ ಕಚ್ಚಿಕೊಂಡು ಕೂತಿದೆ. ಒಳಗೆ ನನ್ನ ಹೆಂಡತಿಯ ಬೀರುವಿನ ಕೀ ಇದೆ. ಬೇರೆ ಕೀ ಇಲ್ಲ. ಮುಂದಿನ ತಿಂಗಳು ತಂಗಿಯ ಮಗಳ ಮದುವೆ. ಸೀರೆ ಎಲ್ಲ ಒಳಗೆ.

ನನ್ನ ಪ್ರಶ್ನೆ ಮೂರು. ಆ 2,500 ವರ್ಷ ನಿಜವಾ? ಮರ ಬೂದಿ ಬಣ್ಣ ಯಾಕೆ? ಮುಚ್ಚಳ ತೆಗೆಯುವುದು ಹೇಗೆ? ಮೂರನೆಯದಕ್ಕೆ ಮೊದಲು ಉತ್ತರಿಸಿದರೆ ಪುಣ್ಯ ಬರುತ್ತದೆ.

ಉಳಿ_ಸುತ್ತಿಗೆ

ಚಾಕು ಹಾಕಿ ಮೀಟಬೇಡಿ. ಇದು ಮೊದಲನೆಯ ಮಾತು. ಎಣ್ಣೆ ಬಿಡಬೇಡಿ. ಬಿಸಿಲಿಗೆ ಇಡಬೇಡಿ. ಉಳಿದದ್ದು ಸಂಜೆ ಬರೆಯುತ್ತೇನೆ, ಈಗ ಕೆಲಸದಲ್ಲಿದ್ದೇನೆ.

ಪಣಂಬೂರು_ಪಯಣಿಗ

ಹೇರ್ ಡ್ರೈಯರ್ ಹಿಡಿಯಬಹುದಾ? ಕೇಳುತ್ತಿದ್ದೇನೆ ಅಷ್ಟೆ.

ಉಳಿ_ಸುತ್ತಿಗೆ

ಹಿಡಿದಾಗಿದೆ ಅಲ್ವಾ?

ಪಣಂಬೂರು_ಪಯಣಿಗ

ಎರಡೇ ನಿಮಿಷ. "ಟಿಕ್" ಎಂದು ಒಂದು ಸದ್ದು ಬಂತು. ನಿಲ್ಲಿಸಿದೆ.

ಕಲ್ಲು_ಕೆಸರು

ಬಡಗಿಗಳು ಬರುವವರೆಗೆ ನಾನು ಮೊದಲ ಪ್ರಶ್ನೆ ಹಿಡಿದುಕೊಳ್ಳುತ್ತೇನೆ. ನನ್ನ ಓದು ಭೂಗರ್ಭಶಾಸ್ತ್ರ. ನೀವು ಹೇಳಿದ ಊರು ಕಿಸಾಕಾತಾ ಸುತ್ತಮುತ್ತ ಇದ್ದರೆ ಅಜ್ಜ ಸುಳ್ಳು ಹೇಳಿಲ್ಲ. ಬರೀ "ಎರಡೂವರೆ ಸಾವಿರ" ಎಂದು ಅಂದಾಜು ಹೇಳುವ ಅಗತ್ಯವೂ ಅವರಿಗಿಲ್ಲ. ಆ ಕಡೆಯ ಮರಗಳು ಸತ್ತ ವರ್ಷವೇ ಗೊತ್ತಿದೆ: ಕ್ರಿ.ಪೂ. 466.

ಅಲ್ಲಿ ಚೋಕಾಯ್ ಎಂಬ ಜ್ವಾಲಾಮುಖಿ ಬೆಟ್ಟವಿದೆ. 2,236 ಮೀಟರ್ ಎತ್ತರ. ಅಕಿತಾ ಮತ್ತು ಯಾಮಾಗಾತಾ ಗಡಿಯಲ್ಲಿ ಕೂತಿದೆ. ಆ ವರ್ಷ ಬೆಟ್ಟದ ಒಂದು ಪಕ್ಕವೇ ಕುಸಿದು ಉತ್ತರಕ್ಕೆ, ಸಮುದ್ರದ ಕಡೆಗೆ ಹರಿಯಿತು. ಹರಿದದ್ದು ಲಾವಾ ಅಲ್ಲ, ಬೆಟ್ಟವೇ. ಕಲ್ಲು, ಮಣ್ಣು, ಕೆಸರು ಎಲ್ಲ ಒಟ್ಟಿಗೆ. ದಾರಿಯಲ್ಲಿದ್ದ ಸೀಡರ್ ಕಾಡನ್ನು ಉರುಳಿಸಿ, ಹೊದಿಸಿ, ಮುಂದೆ ಹೋಗಿ ಸಮುದ್ರಕ್ಕೆ ಬಿತ್ತು. ಬಿದ್ದ ದೊಡ್ಡ ದಿಬ್ಬಗಳೇ ಚಿಕ್ಕ ಚಿಕ್ಕ ದ್ವೀಪಗಳಾದವು. 1689ರಲ್ಲಿ ಕವಿ ಬಾಶೋ ನಡೆದುಕೊಂಡು ಬಂದು ನೋಡಿದ್ದು ಆ ದ್ವೀಪಗಳನ್ನೇ. ಆಮೇಲೆ 1804ರ ಭೂಕಂಪದಲ್ಲಿ ನೆಲ ಸುಮಾರು 2 ಮೀಟರ್ ಮೇಲೆದ್ದು ನೀರು ಹೋಯಿತು. ಈಗ ಅಲ್ಲಿ ಗದ್ದೆ, ಗದ್ದೆಯ ನಡುವೆ ಪೈನ್ ಮರ ಹೊತ್ತ ದಿಬ್ಬಗಳು. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿದಾಗ ಮತ್ತೆ ದ್ವೀಪಗಳ ಹಾಗೆ ಕಾಣುತ್ತವೆ. ನೀವು ನವೆಂಬರ್‌ನಲ್ಲಿ ಹೋಗಿ ತಪ್ಪಿಸಿಕೊಂಡಿರಿ.

ವರ್ಷ ಹೇಗೆ ಗೊತ್ತಾಯಿತು ಅಂದರೆ ಮರದ ಉಂಗುರಗಳಿಂದ. ಮಳೆ, ಚಳಿ ಒಳ್ಳೆಯದಿದ್ದ ವರ್ಷ ಉಂಗುರ ದಪ್ಪ, ಕೆಟ್ಟ ವರ್ಷ ತೆಳು. ದಪ್ಪ, ತೆಳು, ತೆಳು, ದಪ್ಪ ಎನ್ನುವ ಈ ಸಾಲು ಒಂದು ಸೀಮೆಯ ಮರಗಳಲ್ಲೆಲ್ಲ ಒಂದೇ ರೀತಿ ಇರುತ್ತದೆ. ಇವತ್ತಿನ ಮರದಿಂದ ಶುರು ಮಾಡಿ, ಹಳೆಯ ದೇವಸ್ಥಾನದ ತೊಲೆ, ಅದಕ್ಕಿಂತ ಹಳೆಯ ಹೂತ ಮರ, ಹೀಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸುತ್ತಾ ಹಿಂದೆ ಹೋಗುತ್ತಾರೆ. ನಮ್ಮಲ್ಲಿ ವಂಶವೃಕ್ಷ ಹೇಳುವ ಹೆಳವರು ನೆನಪಾದರು. ಜಪಾನಿನಲ್ಲಿ ಈ ಸಾಲನ್ನು ಕಟ್ಟಿದ್ದು ನಾರಾದ ಸಂಶೋಧನಾ ಸಂಸ್ಥೆ. ತೊಗಟೆಯ ತನಕ ಉಳಿದ ಮರ ಸಿಕ್ಕರೆ ಕೊನೆಯ ಉಂಗುರವೇ ಮರದ ತಿಥಿ.

ಸಂಶಯ_ಪಿಶಾಚಿ

ಕಥೆ ಚೆನ್ನಾಗಿದೆ. ಆದರೆ ಬೆಟ್ಟ ಕುಸಿದದ್ದು ನಿಜ ಅಂದ ಮಾತ್ರಕ್ಕೆ ಇವರ ಡಬ್ಬಿ ಅದೇ ಮರದ್ದು ಅಂತ ಹೇಗೆ? ಒಂದು ಪಾತ್ರೆಯಲ್ಲಿ ವಿನಿಗರ್ ಹಾಕಿ, ತುಕ್ಕು ಹಿಡಿದ ಮೊಳೆ ನೆನೆಸಿ, ನಾಲ್ಕು ದಿನ ಬಿಟ್ಟು ಆ ನೀರನ್ನು ಮರಕ್ಕೆ ಬಳಿಯಿರಿ. ಒಗರು ಇರುವ ಯಾವ ಮರವಾದರೂ ಕಪ್ಪಾಗುತ್ತದೆ. ಎರಡೂವರೆ ಸಾವಿರ ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. "ದೇವರ ಕಾಲ" ಎಂಬ ಹೆಸರೇ ಮಾರ್ಕೆಟಿಂಗ್ ವಾಸನೆ ಹೊಡೆಯುತ್ತಿದೆ.

ಉಳಿ_ಸುತ್ತಿಗೆ

ಬಂದೆ. ಸಂಶಯದವರು ಹೇಳಿದ್ದು ಅರ್ಧ ಸರಿ, ಮತ್ತು ಆ ಅರ್ಧದಲ್ಲೇ ಎರಡನೇ ಪ್ರಶ್ನೆಯ ಉತ್ತರವೂ ಇದೆ. ಮೊಳೆ ಮತ್ತು ವಿನಿಗರ್ ಮಾಡುವುದು ಏನು? ಮರದೊಳಗಿನ ಒಗರಿಗೆ ಕಬ್ಬಿಣ ಸೇರಿಸುತ್ತದೆ. ಭೂಮಿಯೊಳಗೆ ಆಗುವುದೂ ಅದೇ ಜಾತಿಯ ಕೆಲಸ. ಮಣ್ಣಿನ ನೀರಿನಲ್ಲಿ ಕಬ್ಬಿಣ ಇರುತ್ತದೆ, ಜ್ವಾಲಾಮುಖಿಯ ಮಣ್ಣಿನಲ್ಲಂತೂ ಜಾಸ್ತಿ. ಅದು ಮೆಲ್ಲಗೆ ಮರದೊಳಗೆ ಇಳಿಯುತ್ತದೆ. ಓಕ್ ಜಾತಿಯಲ್ಲಿ ಒಗರು ಹೆಚ್ಚು, ಅದಕ್ಕೆ ಹೂತ ಓಕ್ ಇದ್ದಿಲಿನಷ್ಟು ಕಪ್ಪು. ಸೀಡರ್‌ನಲ್ಲಿ ಬೂದಿ, ಹೊಗೆ, ಕಾಫಿ ಬಣ್ಣ, ಕೆಲವು ಸಲ ಹಸಿರು ಛಾಯೆ. ಒಂದೇ ದಿಮ್ಮಿಯ ಎರಡು ತುದಿ ಎರಡು ಬಣ್ಣ ಇರುವುದೂ ಉಂಟು.

ಇನ್ನು ಕೊಳೆಯದೇ ಉಳಿದದ್ದು. ಮರ ತಿನ್ನುವ ಶಿಲೀಂಧ್ರಕ್ಕೂ ಹುಳಕ್ಕೂ ಗಾಳಿ ಬೇಕು. ನೀರು ತುಂಬಿದ ಕೆಸರಿನಲ್ಲಿ ಗಾಳಿ ಇಲ್ಲ. ಇದು ನಮಗೆ ಹೊಸದಲ್ಲ. ಬಾವಿಯ ತಳಕ್ಕೆ ನೆಲ್ಲಿ ಮರ ಹಾಕುವುದು ನಿಮ್ಮ ಕರಾವಳಿಯಲ್ಲೇ ಇದೆಯಲ್ಲ! ನೀರಿನ ಅಡಿಯಲ್ಲೇ ಇದ್ದರೆ ತಲೆಮಾರು ಕಳೆದರೂ ಗಟ್ಟಿ. ನೀರು ಮುಟ್ಟಿಯೂ ಮುಟ್ಟದ ಜಾಗದಲ್ಲಿ ಇಟ್ಟರೆ ನಾಲ್ಕು ಮಳೆಗಾಲಕ್ಕೆ ಪುಡಿ.

ಈಗ ಸಂಶಯದ ಇನ್ನರ್ಧ. ಬಳಿದ ಬಣ್ಣ ಮೇಲಿನ ಒಂದು ಪದರಕ್ಕೆ ನಿಲ್ಲುತ್ತದೆ. ತಳದಲ್ಲಿ, ಕಾಣದ ಮೂಲೆಯಲ್ಲಿ ಒಂದು ಸಣ್ಣ ಕೀಸು ಕೀಸಿದರೆ ಒಳಗೆ ಬಿಳಿ ಅಥವಾ ಕೆಂಪು ಮರ ಕಾಣುತ್ತದೆ. ಹೂತ ಮರ ಒಳಗೂ ಅದೇ ಬಣ್ಣ. ಆದರೆ ಇನ್ನೊಂದು ಆಟವಿದೆ, ಅದು ಮೋಸವೂ ಅಲ್ಲ. ಮಾಮೂಲಿ ಹಲಗೆಯ ಮೇಲೆ ನಿಜವಾದ ಹೂತ ಮರದ ಕಾಗದದಷ್ಟು ತೆಳುವಾದ ಪದರ ಅಂಟಿಸುತ್ತಾರೆ. ಚಾವಣಿ ಹಲಗೆಗೆ, ಬಾಗಿಲಿಗೆ ಇದೇ ರೂಢಿ. ಹಾಗೆ ಮಾಡಿದರೆ ಹಾಗೇ ಹೇಳಿ ಮಾರಬೇಕು ಅಷ್ಟೆ. ಅಂಚು ನೋಡಿ. ಮೇಲಿನ ಎಳೆ ಅಂಚನ್ನು ದಾಟಿ ತುದಿಯಲ್ಲೂ ಮುಂದುವರಿದರೆ ಇಡಿ ಮರ.

ಪಣಂಬೂರು_ಪಯಣಿಗ

ಟಾರ್ಚ್ ಹಿಡಿದು ನೋಡಿದೆ. ಎಳೆ ಮುಂದುವರಿದಿದೆ! ತಳದಲ್ಲಿ ಉಗುರಿನಿಂದ ಕೆರೆದೆ. ಒಳಗೂ ಬೂದಿ.

ಸಂಶಯ_ಪಿಶಾಚಿ

ಸರಿ, ಬಣ್ಣ ಒಪ್ಪಿದೆ. ಬೆಲೆ ಒಪ್ಪಿಲ್ಲ. ಗದ್ದೆ ಅಗೆಯುವಾಗ ಸಿಕ್ಕ ಕಟ್ಟಿಗೆಗೆ ಇಷ್ಟು ಹಣವೇ? ದೇವರು ಪುಕ್ಕಟೆ ಕೊಟ್ಟ ವಸ್ತು.

ಉಳಿ_ಸುತ್ತಿಗೆ

ಪುಕ್ಕಟೆ? ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಮರಗೆಲಸ ಕಲಿಯಲು ಹೋದ ಕಾಲದಲ್ಲಿ ಜಪಾನಿನ ಒಂದು ಕಾರ್ಖಾನೆಯಲ್ಲಿ ಕೆಲವು ತಿಂಗಳು ಇದ್ದೆ. ಹೆಸರು ಬೇಡ. ಅಲ್ಲಿ ಹೂತ ಕೆಯಾಕಿ ಮರದ ಒಂದು ದಿಮ್ಮಿ ಬಂದಿತ್ತು. ನದಿ ದಂಡೆ ಕಟ್ಟುವಾಗ ಸಿಕ್ಕಿದ್ದು. ಹೊರಗಿನಿಂದ ನೋಡಿದರೆ ಎಮ್ಮೆ ಹೊರಳಿದ ಕೆಸರು. ಗರಗಸ ಹಾಕಿದರೆ ಮೊದಲು ಬರುವುದು ಮರದ ಪುಡಿಯಲ್ಲ, ಕಲ್ಲಿನ ಕಿಡಿ. ಎಳೆಯೊಳಗೆ ಮರಳು ಸೇರಿರುತ್ತದೆ. ಅಲಗು ಒಂದೇ ದಿನಕ್ಕೆ ಮೊಂಡು.

ಅದಕ್ಕಿಂತ ದೊಡ್ಡ ಗೋಳು ಒಣಗಿಸುವುದು. ಸಾವಿರಾರು ವರ್ಷ ನೀರಿನಲ್ಲಿದ್ದಾಗ ಮರದ ಜೀವಕೋಶಗಳ ಗೋಡೆ ಸವೆದಿರುತ್ತದೆ. ಒಳಗಿನ ನೀರೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಆ ನೀರು ಅವಸರದಲ್ಲಿ ಹೋದರೆ ಮರ ಕುಗ್ಗುತ್ತದೆ, ತಿರುಚುತ್ತದೆ, ನಡುವೆ ಬಿರಿಯುತ್ತದೆ. ಅದಕ್ಕೆ ನೆರಳಿನಲ್ಲಿ, ಗಾಳಿ ಅಳೆದು ಬಿಟ್ಟು, ವರ್ಷಗಟ್ಟಲೆ ಕಾಯಬೇಕು. ನಾವು ಇದ್ದಾಗ ಆ ದಿಮ್ಮಿಯ ಹಲಗೆಗಳಲ್ಲಿ ಒಂದು, ರಾತ್ರೋರಾತ್ರಿ ಈ ತುದಿಯಿಂದ ಆ ತುದಿಗೆ ಸೀಳಿತು. ಗುರುಗಳು ಬೈಯಲಿಲ್ಲ. ಸೀಳಿದ ಹಲಗೆಯನ್ನು ಅಳೆದು, ಇದರಲ್ಲಿ ಎಷ್ಟು ಚಿಕ್ಕ ವಸ್ತು ಮಾಡಬಹುದು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮೇಜು ಆಗಬೇಕಿದ್ದದ್ದು ತಟ್ಟೆಗಳಾಯಿತು. ತಟ್ಟೆ ಆಗದ್ದು ಧೂಪದ ಡಬ್ಬಿ ಆಯಿತು. ಟೀ ಸಮಾರಂಭದ ಪುಟಾಣಿ ಧೂಪದ ಡಬ್ಬಿಗಳು ಈ ಮರದಲ್ಲಿ ಯಾಕೆ ಇಷ್ಟು ಸಿಗುತ್ತವೆ ಎಂದು ನನಗೆ ಆವತ್ತು ಅರ್ಥವಾಯಿತು. ಅಭಿರುಚಿ ಒಂದು ಕಾರಣ ಇರಬಹುದು. ಉಳಿದ ತುಂಡಿನ ಅಳತೆಯೂ ಒಂದು ಕಾರಣ.

ಸಂಶಯದವರೇ, ನೀವು ಕೊಡುವ ಹಣ ವಯಸ್ಸಿಗಲ್ಲ. ವಯಸ್ಸು ನಿಜವಾಗಿಯೂ ಪುಕ್ಕಟೆ. ಹಣ ಸೀಳಿದ ಹಲಗೆಗೆ.

ಸಂಶಯ_ಪಿಶಾಚಿ

ಈ ಮಾತು ಒಪ್ಪಬಹುದು. ಮೊದಲೇ ಹೀಗೆ ಹೇಳಬಾರದಿತ್ತಾ?

ಹಿರೋಸೆ_ದಂಡೆ

ನಾನು ಜಪಾನಿನ ಸೆಂದಾಯ್‌ನಲ್ಲಿ ಇರುವ ಕನ್ನಡತಿ, ಇಲ್ಲಿಗೆ ಬಂದು ಏಳು ವರ್ಷ. ಒಂದು ಗೊಂದಲ ಆಗುವ ಮೊದಲೇ ಬಿಡಿಸುತ್ತೇನೆ. ನಮ್ಮೂರಿನಲ್ಲೂ ಹೂತ ಮರದ ಕೆಲಸವಿದೆ, "ಉಮೊರೆಗಿ-ಜಾಯ್ಕು" ಎನ್ನುತ್ತಾರೆ. ಉಮೊರೆಗಿ ಅಂದರೆ ಹೂತುಹೋದ ಮರ. ಆದರೆ ಅದು ಈ ಡಬ್ಬಿಯ ಜಿಂದಾಯ್ ಅಲ್ಲ. ಜಿಂದಾಯ್ ಇನ್ನೂ ಮರವೇ. ಸೆಂದಾಯ್‌ನದ್ದು ಅರ್ಧ ಕಲ್ಲಿದ್ದಲು. ಸುಮಾರು 50 ಲಕ್ಷ ವರ್ಷ ಹಳೆಯದು. ಕಂದು ಕಲ್ಲಿದ್ದಲಿನ ಪದರಗಳ ನಡುವೆ, ಮರದ ಎಳೆ ಮಾಸದೇ ಉಳಿದ ಒಳ್ಳೆಯ ತುಂಡು ಸಿಕ್ಕರೆ ಅದನ್ನು ಕೆತ್ತುತ್ತಿದ್ದರು.

ಶುರುವಾದದ್ದು 1822ರಲ್ಲಿ. ಸೆಂದಾಯ್ ಸಂಸ್ಥಾನದ ಯಾಮಾಶಿತಾ ಶೂಕಿಚಿ ಎಂಬ ಕೆಳದರ್ಜೆಯ ಸಿಪಾಯಿ ಕೋಟೆಯ ಹಿಂದಿನ ಆಓಬಾ ಬೆಟ್ಟದಲ್ಲಿ ಇದನ್ನು ಅಗೆದು ತೆಗೆದು ತಟ್ಟೆ ಮಾಡಿದ ಎಂದು ಹೇಳುತ್ತಾರೆ. ಸಂಬಳ ಸಾಲದ ಸಿಪಾಯಿಗಳ ಮನೆಯ ಉಪಕಸುಬಾಯಿತು. ಉಳಿದ ಕಲ್ಲಿದ್ದಲು, ಇಲ್ಲಿನವರ ಬಾಯಲ್ಲಿ "ಆತಾನ್", ಊರಿನ ಒಲೆಗೆ ಹೋಗುತ್ತಿತ್ತು. ನನ್ನ ಮನೆ ಒಡತಿ ಅಜ್ಜಿ ಚಿಕ್ಕವಳಿದ್ದಾಗ ಸ್ನಾನದ ನೀರು ಕಾಯಿಸಲು ಅದನ್ನೇ ಉರಿಸುತ್ತಿದ್ದರಂತೆ. ಒಗೆದ ಬಟ್ಟೆಗೆಲ್ಲ ಹೊಗೆ ವಾಸನೆ ಎಂದು ಈಗಲೂ ಮೂಗು ಮುಚ್ಚಿ ತೋರಿಸುತ್ತಾಳೆ.

ಗ್ಯಾಸು, ಸೀಮೆಎಣ್ಣೆ ಬಂದವು, ಗಣಿ ಮುಚ್ಚಿತು. ಗಣಿ ಮುಚ್ಚಿದ ಮೇಲೆ ಕೆತ್ತುವವರಿಗೆ ಸರಕಿಲ್ಲ. ಒಲೆಗೆ ಅಗೆದದ್ದರ ಜೊತೆಗೇ ಕಲೆಗೂ ಸಿಗುತ್ತಿತ್ತು ನೋಡಿ. ಬರೀ ಕಲೆಗಾಗಿ ಯಾರು ಸುರಂಗ ತೋಡುತ್ತಾರೆ? ಹಾಗಾಗಿ ಈಗ ಇರುವುದು ಹಳೆಯ ದಾಸ್ತಾನು, ಹಳೆಯ ತಟ್ಟೆಗಳು. ಅಜ್ಜಿಯ ಮನೆಯಲ್ಲಿ ಎಲೆಯ ಆಕಾರದ ಒಂದು ಟೀ ತಟ್ಟೆ ಇದೆ. ಕೈಯಲ್ಲಿ ಹಿಡಿದರೆ ಮರಕ್ಕಿಂತ ತೂಕ, ಕಲ್ಲಿಗಿಂತ ಹಗುರ. ನಿಜ ಹೇಳಬೇಕೆಂದರೆ ನನಗೆ ಅದರ ಕೆತ್ತನೆ ಅಷ್ಟು ಇಷ್ಟವಿಲ್ಲ. ಆ ಕಪ್ಪು ಹೊಳಪು ಇಷ್ಟ.

ಮಾತಿನ_ಮಲ್ಲಿಗೆ

ಉಮೊರೆಗಿ ಎಂಬ ಪದ ಎಷ್ಟು ಚೆನ್ನಾಗಿದೆ! ಮನುಷ್ಯರಿಗೂ ಬಳಸುತ್ತಾರಾ? ನಮ್ಮಲ್ಲಿ "ಎಲೆಮರೆಯ ಕಾಯಿ" ಅನ್ನುತ್ತೇವಲ್ಲ, ಹಾಗೆ?

ಹಿರೋಸೆ_ದಂಡೆ

ಬಳಸುತ್ತಾರೆ, ಆದರೆ ಎಲೆಮರೆಯ ಕಾಯಿಗಿಂತ ಕಹಿ ಜಾಸ್ತಿ. ಕಾಯಿ ತಾನಾಗಿ ಮರೆಯಲ್ಲಿರುತ್ತದೆ. ಉಮೊರೆಗಿ ಅಂದರೆ ಲೋಕ ಮರೆತು ಹೂತುಬಿಟ್ಟವನು. ಈ ಪದಕ್ಕೆ ಒಬ್ಬ ದೊಡ್ಡ ಮನುಷ್ಯನ ಕಥೆಯೂ ಅಂಟಿಕೊಂಡಿದೆ. ಹಿಕೊನೆ ಸಂಸ್ಥಾನದ ದೊರೆಯ ಮನೆಯಲ್ಲಿ ಇಯಿ ನಾವೊಸುಕೆ (ಇಯಿ ಅನ್ನುವುದು ಮನೆತನದ ಹೆಸರು) ಎಂಬ ಕಿರಿಯ ಮಗನಿದ್ದ. ಅಣ್ಣಂದಿರು ಇಷ್ಟೊಂದು ಜನ, ಪಟ್ಟ ಸಿಗುವ ಹಾಗಿಲ್ಲ. 17ನೇ ವಯಸ್ಸಿನಿಂದ 32ರವರೆಗೆ ಒಂದು ಸಾಧಾರಣ ಮನೆಯಲ್ಲಿ ಟೀ ಕಲೆ, ಝೆನ್, ಕತ್ತಿವರಸೆ ಕಲಿಯುತ್ತಾ ಕೂತ. ಆ ಮನೆಗೆ ತಾನೇ ಇಟ್ಟ ಹೆಸರು "ಉಮೊರೆಗಿ-ನೊ-ಯಾ", ಹೂತ ಮರದ ಮನೆ. ಮನೆ ಈಗಲೂ ಇದೆ. ಆಮೇಲೆ ಹಾದಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡು, ದತ್ತು ಹೋಗಿ, 1850ರಲ್ಲಿ ಇವನೇ ದೊರೆಯಾದ. 1858ರಲ್ಲಿ ಇಡೀ ದೇಶದ ಆಡಳಿತದ ಮುಖ್ಯಸ್ಥನಾದ. 1860ರಲ್ಲಿ ಎದೊ, ಅಂದರೆ ಈಗಿನ ಟೋಕಿಯೊ, ಕೋಟೆಯ ಬಾಗಿಲ ಬಳಿ ಹಿಮದಲ್ಲಿ ಅವನನ್ನು ಕೊಂದರು.

"ಹೂತ ಮರದಲ್ಲಿ ಹೂ ಅರಳಿತು" ಎಂದು ಇಲ್ಲಿ ಗಾದೆಯಿದೆ. ಅವನ ಕಥೆ ಓದಿದ ಮೇಲೆ ನನಗೆ ಆ ಗಾದೆ ಹಾರೈಕೆಯಂತೆ ಕೇಳುವುದಿಲ್ಲ.

ಸಂಶಯ_ಪಿಶಾಚಿ

ಒಂದು ಪ್ರಶ್ನೆ. ಒಂದು ಆನ್‌ಲೈನ್ ಅಂಗಡಿಯಲ್ಲಿ "50 ಲಕ್ಷ ವರ್ಷ, ಕಾರ್ಬನ್ ಪರೀಕ್ಷೆ ಆಗಿದೆ" ಎಂದು ಬರೆದಿದ್ದನ್ನು ನೋಡಿದ್ದೆ. ನಂಬಬಹುದಾ?

ಕಲ್ಲು_ಕೆಸರು

ಹಾಗೆ ಬರೆದಿದ್ದರೆ ಅಲ್ಲಿಗೇ ಬಾಗಿಲು ಹಾಕಿ. ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. 50,000 ವರ್ಷ ಕಳೆಯುವಷ್ಟರಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ. 50 ಲಕ್ಷ ವರ್ಷವನ್ನು ಕಾರ್ಬನ್‌ನಿಂದ ಅಳೆದೆ ಅನ್ನುವುದು ದೊಡ್ಡ ಬಸ್ಸಿನ ಉದ್ದವನ್ನು ಬೆರಳ ಗೇಣಿನಿಂದಲ್ಲ, ಉಗುರಿನ ಬಿಳಿಯಿಂದ ಅಳೆದ ಹಾಗೆ. ಸೆಂದಾಯ್‌ನ ಪದರಗಳ ವಯಸ್ಸು ಗೊತ್ತಾಗುವುದು ಸುತ್ತಲಿನ ಕಲ್ಲು, ಜ್ವಾಲಾಮುಖಿ ಬೂದಿಗಳಿಂದ.

ಬೀಟೆ_ಬಣ್ಣ

ಮೈಸೂರಿನಿಂದ. ನಮ್ಮ ಮನೆ ಕಸುಬು ಇನ್‌ಲೇ. ಬೀಟೆ ಹಲಗೆಯಲ್ಲಿ ಗುಳಿ ತೆಗೆದು ಬೇರೆ ಬೇರೆ ಬಣ್ಣದ ಮರ ಕೂರಿಸುವುದು. ಹಾಗಾಗಿ ಈ ಹೂತ ಮರದ ಬಗ್ಗೆ ನಾನು ಮೊದಲು ಕೇಳಿದ್ದು ಟೋಕಿಯೊ ಹತ್ತಿರದ ಬೆಟ್ಟದೂರು ಹಾಕೊನೆಯ ಯೊಸೆಗಿ ಕೆಲಸದ ಮೂಲಕ. ಅಲ್ಲಿ ಅವರಿಗೆ ಇದರ ವಯಸ್ಸಿನ ಬಗ್ಗೆ ಅಷ್ಟು ಮಾತಿಲ್ಲ. ಅವರಿಗೆ ಬೇಕಾದದ್ದು ಅದರ ಬಣ್ಣ.

ಯೊಸೆಗಿ ನೋಡದವರಿಗೆ: ಬಣ್ಣ ಬಣ್ಣದ ಮರದ ಕಡ್ಡಿಗಳನ್ನು ಕೋನ ಹಿಡಿದು ಕತ್ತರಿಸಿ, ಅಂಟಿಸಿ, ಕಟ್ಟು ಕಟ್ಟಿ, ಆ ಕಟ್ಟನ್ನು ಮತ್ತೆ ಕತ್ತರಿಸಿ ಅಂಟಿಸಿ ಒಂದು ದೊಡ್ಡ ಗಟ್ಟಿ ಮಾಡುತ್ತಾರೆ. ಅದರ ಮೇಲೆ ಅಗಲವಾದ ಕೀಸುಳಿ ಎಳೆದರೆ ಚಿತ್ತಾರವೇ ಹಾಳೆಯಾಗಿ ಎದ್ದು ಬರುತ್ತದೆ. ಮೈಸೂರುಪಾಕಿನ ಗಟ್ಟಿಯಿಂದ ಹಾಳೆ ಎಬ್ಬಿಸಿದ ಹಾಗೆ. ಆ ಹಾಳೆಯನ್ನು ಡಬ್ಬಿಗೆ ಅಂಟಿಸುತ್ತಾರೆ. ಎದೊ ಕಾಲದ ಕೊನೆಯಲ್ಲಿ, ಅಂದರೆ 19ನೇ ಶತಮಾನದ ಮೊದಲರ್ಧದಲ್ಲಿ, ಹತಾಜುಕು ಎಂಬ ಹಳ್ಳಿಯ ಇಶಿಕಾವಾ ಜಿನ್ಬೆಯ್ ಶುರು ಮಾಡಿದ್ದು ಇದು. ಹೊಸವರ್ಷದ ಹಾಕೊನೆ ಎಕಿಡೆನ್ ಎಂಬ ರಿಲೇ ಓಟದಲ್ಲಿ ಮೊದಲ ದಿನ ಗೆದ್ದ ತಂಡಕ್ಕೆ ಕೊಡುವ ಟ್ರೋಫಿಯೂ ಯೊಸೆಗಿಯದೇ.

ನಿಯಮ ಏನೆಂದರೆ, ಬಣ್ಣ ಬಳಿಯಬಾರದು, ಮರದ ಸ್ವಂತ ಬಣ್ಣವೇ ಆಗಬೇಕು. ಬಿಳಿಗೆ ಮಿಜುಕಿ, ಹಳದಿಗೆ ನಿಗಾಕಿ, ಹಸಿರು ಛಾಯೆಗೆ ಹೊಓ. ಕಪ್ಪಿಗೆ ಏನು ಮಾಡುವುದು? ಅಲ್ಲಿ ಬರುತ್ತದೆ ಜಿಂದಾಯ್-ಕತ್ಸುರಾ, ಅಂದರೆ ಹೂತ ಕತ್ಸುರಾ ಮರ. ಹೊಲದಲ್ಲಿ ಬೆಳೆಯದ ಬಣ್ಣವನ್ನು ಮಣ್ಣಿನಡಿಯಿಂದ ತಂದರು. ನಮಗೆ ಕಪ್ಪು ಸುಲಭ, ಬೀಟೆಯೇ ಕಪ್ಪು. ಅವರಿಗೆ ಅದೇ ದುಬಾರಿ. ಅವರ ಕಪ್ಪಿನಲ್ಲಿ ಒಂದು ಮೌನವಿದೆ, ಬೀಟೆಯ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಅಪ್ಪ ಕೇಳಿದರೆ ಮನೆಯಿಂದ ಹೊರಗೆ ಹಾಕುತ್ತಾರೆ, ಆದರೂ ಹೇಳುತ್ತೇನೆ, ನನಗೆ ಅದೇ ಇಷ್ಟ.

ಹಾಕೊನೆಯಲ್ಲೂ ಕಥೆ ಚೋಕಾಯ್ ಥರದ್ದೇ. ಸುಮಾರು 3,000 ವರ್ಷದ ಹಿಂದೆ ಕಾಮಿಯಾಮಾ ಬೆಟ್ಟ ಕುಸಿದು ನದಿಗೆ ಅಡ್ಡ ಬಿತ್ತು, ಆಶಿ ಸರೋವರ ಆಯಿತು. ಸರೋವರದ ನೀರಿನೊಳಗೆ ಹಳೆಯ ಸೀಡರ್ ಕಾಂಡಗಳು ಇನ್ನೂ ನಿಂತಿವೆ. "ತಲೆಕೆಳಗಾದ ಸೀಡರ್" ಎಂದು ಕರೆಯುತ್ತಾರೆ.

ಅಂದ ಹಾಗೆ, ಹಾಕೊನೆಯಲ್ಲಿ ಗುಟ್ಟಿನ ಪೆಟ್ಟಿಗೆ ಎಂದು ಮಾರುತ್ತಾರೆ. ಸರಿಯಾದ ಕ್ರಮದಲ್ಲಿ ಹಲಗೆ ಸರಿಸದಿದ್ದರೆ ತೆರೆಯುವುದಿಲ್ಲ. ಪಣಂಬೂರಿನವರಿಗೆ ಅದು ಹೆಚ್ಚು ದುಡ್ಡು ಕೊಡದೆ ಸಿಕ್ಕಿದೆ.

ಪಣಂಬೂರು_ಪಯಣಿಗ

ನಗಿ, ನಗಿ. ನಮ್ಮನೆಯಲ್ಲಿ ಯಾರೂ ನಗುತ್ತಿಲ್ಲ.

ಚನ್ನಪಟ್ಟಣ_ಬುಗುರಿ

ಜಪಾನ್ ಮತ್ತು ನಮ್ಮ ಕಡೆಯ ಮರಗೆಲಸಕ್ಕೆ ಹಳೆಯ ನಂಟಿದೆ. ಚನ್ನಪಟ್ಟಣದ ಗೊಂಬೆಗಳ ಬಾವಾಸ್ ಮಿಯಾನ್ ಜಪಾನಿನ ಗೊಂಬೆ ತಂತ್ರ ಕಲಿತು ನಮ್ಮವರಿಗೆ ಕಲಿಸಿದರು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮದು ಆಲೆ ಮರ, ಹೂತದ್ದಲ್ಲ, ಆದರೂ ಸೇರಿಸಬೇಕು ಅನಿಸಿತು.

ಉಳಿ_ಸುತ್ತಿಗೆ

ಹೂತ ಸೀಡರ್‌ನ ಮಾತು ಬಂದ ಮೇಲೆ ಕ್ಯೋತೊದ ನಾಕಾಗಾವಾ ಕಿಯೊತ್ಸುಗು ಅವರ ಹೆಸರು ಹೇಳದೇ ಹೋದರೆ ತಪ್ಪಾಗುತ್ತದೆ. ಅವರ ಮನೆತನ ಮರದ ಬಕೀಟು, ಸ್ನಾನದ ತೊಟ್ಟಿ ಮಾಡುವವರದು. ಅನ್ನದ ಮರಿಗೆ, ನೀರಿನ ಕೊಡ, ಬರೀ ದಿನಬಳಕೆ. ಪ್ಲಾಸ್ಟಿಕ್ ಬಂದ ಮೇಲೆ ಆ ಕಸುಬಿನ ಗತಿ ಏನಾಯಿತು ಎಂದು ನಿಮಗೆ ಗೊತ್ತೇ ಇದೆ. ಇವರು ಅದೇ ಕೈಕೆಲಸವನ್ನು ಹಿಡಿದು ಹೂತ ಸೀಡರ್‌ಗೆ ತಿರುಗಿದರು. ಮರವನ್ನು ಸಣ್ಣ ಸಣ್ಣ ಕಡ್ಡಿಗಳಾಗಿ ಸೀಳಿ, ನೇರ ಎಳೆಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಅದರಿಂದ ಪೆಟ್ಟಿಗೆ, ಬೋಗುಣಿ ಕಟ್ಟುತ್ತಾರೆ. 'ಮಾಸಾ-ಆವಾಸೆ' ಎಂದು ಹೆಸರು. ಜೋಡಣೆ ಕಣ್ಣಿಗೆ ಕಾಣುವುದೇ ಇಲ್ಲ. ಎಳೆಗಳೇ ತಾವಾಗಿ ತಿರುಗಿ ವಿನ್ಯಾಸ ಆದ ಹಾಗೆ ಇರುತ್ತದೆ. 2001ರಲ್ಲಿ ಅವರನ್ನು ಮರಗೆಲಸದ "ಜೀವಂತ ರಾಷ್ಟ್ರ ಸಂಪತ್ತು" ಎಂದು ಗುರುತಿಸಿದರು.

ನನಗೆ ಇಷ್ಟವಾಗುವುದು ಇಲ್ಲಿ. ಬಿರಿಯುವ ಮರವನ್ನು ಹಾಳಾಗದಂತೆ ಕಾಪಾಡುವುದು ಒಂದು ದಾರಿ. ಮೊದಲೇ ಕಡ್ಡಿ ಕಡ್ಡಿಯಾಗಿ ಸೀಳಿಬಿಡುವುದು ಇನ್ನೊಂದು. ಬಕೀಟಿನ ಬಡಗಿಗೆ ಮಾತ್ರ ಹೊಳೆಯುವ ಉಪಾಯ, ಯಾಕೆಂದರೆ ಬಕೀಟು ಅಂದರೆ ಕಡ್ಡಿಗಳ ಜೋಡಣೆಯೇ ಅಲ್ವಾ?

ಬೀಟೆ_ಬಣ್ಣ

ಇದನ್ನು ಓದಿ ಅಪ್ಪನಿಗೆ ತೋರಿಸಿದೆ. "ಅಂಟು ಏನು ಹಾಕುತ್ತಾರೆ ಕೇಳು" ಅಂದರು. ಬೇರೆ ಮಾತಿಲ್ಲ.

ಕಾಡು_ಕಡತ

ನಾನು ಸ್ವಲ್ಪ ಅಪಸ್ವರ ತೆಗೆಯುತ್ತೇನೆ. ಹಳೆಯ ಹವಾಮಾನ ಓದುವವರಿಗೆ ಒಂದೊಂದು ಹೂತ ಮರವೂ ಒಂದೊಂದು ಕಡತ. ಯಾವ ವರ್ಷ ಬರ, ಯಾವ ವರ್ಷ ಚಳಿ ಎಂದು ಬರೆದಿಟ್ಟದ್ದು. ಅದನ್ನು ಕತ್ತರಿಸಿ ಡಬ್ಬಿ ಮಾಡುವುದು ತಾಳೆಗರಿಯಲ್ಲಿ ಬೀಸಣಿಗೆ ಮಾಡಿದ ಹಾಗಲ್ಲವೇ?

ಶಿಮಾನೆಯ ಸಾನ್ಬೆ ಬೆಟ್ಟದ ಕೆಳಗೆ ಆಜುಕಿಹಾರಾ ಎಂಬ ಜಾಗವಿದೆ. 1983ರಲ್ಲಿ ಗದ್ದೆ ಸರಿಮಾಡುವಾಗ ನೆಟ್ಟಗೆ ನಿಂತ ಎರಡು ದೊಡ್ಡ ಮರ ಅಡ್ಡ ಬಂದವು. ಕೆಲಸಕ್ಕೆ ತೊಂದರೆ ಎಂದು ಕತ್ತರಿಸಿ ತೆಗೆದರು. ಮುಂದೆ 1998ರಲ್ಲಿ ಹುಡುಕಿ ಅಗೆದಾಗ ಒಂದು ಇಡೀ ಕಾಡೇ ಸಿಕ್ಕಿತು. ಸುಮಾರು 4,000 ವರ್ಷದ ಹಿಂದೆ ಜ್ವಾಲಾಮುಖಿ ಮುಚ್ಚಿದ ಕಾಡು. 12 ಮೀಟರ್ ಎತ್ತರದ ಕಾಂಡಗಳು ಬೇರೂರಿದ ಜಾಗದಲ್ಲೇ ನಿಂತಿವೆ. ಈಗ ನೆಲದೊಳಗೆ ಇಳಿದು ಸುತ್ತ ನಡೆದು ನೋಡಬಹುದು. ತೊಯಾಮಾದ ಉಓಜುವಿನಲ್ಲಿ 1930ರಲ್ಲಿ ಬಂದರು ಕಟ್ಟುವಾಗ ಸುಮಾರು 2,000 ವರ್ಷದ ಬೇರುಗಳು ಸಿಕ್ಕವು. ಅವನ್ನು ಇವತ್ತಿಗೂ ನೀರಿನಲ್ಲೇ ಇಟ್ಟಿದ್ದಾರೆ.

ಆ ಮೊದಲ ಎರಡು ಮರ ಈಗ ಎಲ್ಲಿವೆ ಎಂದು ಯೋಚಿಸಿ.

ಉಳಿ_ಸುತ್ತಿಗೆ

ಒಪ್ಪುತ್ತೇನೆ. ನಿಂತ ಕಾಡು ಸಿಕ್ಕರೆ ಅದನ್ನು ಮುಟ್ಟಬಾರದು. ಆದರೆ ಜೆಸಿಬಿ ಎಬ್ಬಿಸಿ ದಂಡೆಯಲ್ಲಿ ಬಿಸಾಕಿದ ದಿಮ್ಮಿಗೆ ಎರಡೇ ಗತಿ. ಯಾರಾದರೂ ಒಯ್ದು ನೆರಳಿನಲ್ಲಿ ಇಡಬೇಕು, ಇಲ್ಲದಿದ್ದರೆ ಬಿಸಿಲಿಗೆ ಬಿರಿದು ಮಣ್ಣಾಗಬೇಕು. ಒಂದು ಬಿಲ್ಲೆ ಕತ್ತರಿಸಿ ಉಂಗುರ ಎಣಿಸುವವರಿಗೆ ಕೊಟ್ಟು ಉಳಿದದ್ದನ್ನು ಬಳಸಬಹುದು. ಎರಡೂ ಆಗುತ್ತದೆ.

ಕಲ್ಲು_ಕೆಸರು

ಚೋಕಾಯ್ ಕುಸಿತದ ವರ್ಷ ಸಿಕ್ಕಿದ್ದೂ ಹೂತ ಸೀಡರ್‌ನಿಂದಲೇ ಎಂದು ನೆನಪಿಸುತ್ತೇನೆ. ಎರಡೂ ಕಡೆಯವರಿಗೆ.

ಕರಿನೆಲ

ಕೇರಳದಲ್ಲಿ ಕೆಲಸ. ಕುಟ್ಟನಾಡಿನ "ಕರಿ" ಗದ್ದೆಗಳಲ್ಲೂ ಕಪ್ಪಾದ ಹಳೇ ಮರ ಸಿಗುತ್ತದೆ. ಮಣ್ಣೇ ಇದ್ದಿಲು ಕಪ್ಪು, ಹುಳಿ ಮಣ್ಣು. ಗದ್ದೆಯವರಿಗೆ ನೇಗಿಲಿಗೆ ಅಡ್ಡ ಬರುವ ಪೀಡೆ ಅದು. ಅಲ್ಲಿ ಯಾರೂ ಅದಕ್ಕೆ ದೇವರ ಹೆಸರು ಇಟ್ಟಿಲ್ಲ.

ಮಾತಿನ_ಮಲ್ಲಿಗೆ

ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ. "ಜಿಂದಾಯ್" ಅಂದರೆ ಏನು?

ಹಿರೋಸೆ_ದಂಡೆ

ದೇವತೆಗಳ ಯುಗ. ಮನುಷ್ಯ ದೊರೆಗಳು ಬರುವ ಮೊದಲು ದೇವರುಗಳು ಆಳುತ್ತಿದ್ದ ಕಾಲ, ಜಪಾನಿನ ಪುರಾಣದ ಪ್ರಕಾರ. ಮರ ತುಂಬಾ ಹಳೆಯದು, ಎಷ್ಟು ಎಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ "ದೇವರ ಕಾಲದ್ದು" ಅಂದರು. ನಮ್ಮ ಹಳ್ಳಿಯಲ್ಲಿ ಯಾವ ಹಳೇ ಕಲ್ಲು ಕಂಡರೂ "ಪಾಂಡವರು ಇಟ್ಟದ್ದು" ಅನ್ನುತ್ತಾರಲ್ಲ, ಅದೇ. ಸೀಡರ್‌ಗೆ ಜಿಂದಾಯ್-ಸುಗಿ, ಕೆಯಾಕಿಗೆ ಜಿಂದಾಯ್-ಕೆಯಾಕಿ, ಹೀಗೆ ಎಲ್ಲ ಮರಕ್ಕೂ ಮುಂದೆ ಅಂಟಿಸುತ್ತಾರೆ. ಹೊಕ್ಕೈದೊ ಕಡೆಯಿಂದ ಓಕ್, ಆಷ್, ಎಲ್ಮ್ ಎಲ್ಲ ಬರುತ್ತದೆ.

ಉಳಿ_ಸುತ್ತಿಗೆ

ಪಣಂಬೂರಿನವರೇ, ನಿಮ್ಮ ಮುಚ್ಚಳ. ಮರ ಎಳೆಯ ಉದ್ದಕ್ಕೆ ಊದುವುದಿಲ್ಲ, ಅಡ್ಡಕ್ಕೆ ಊದುತ್ತದೆ. ಅಕಿತಾದ ನವೆಂಬರ್‌ಗೆ ಹೊಂದುವಂತೆ ಮಾಡಿದ ಮುಚ್ಚಳ ಮಂಗಳೂರಿನ ಜೂನ್‌ನಲ್ಲಿ ಕಚ್ಚಲೇಬೇಕು. ಅದು ಮಾಡಿದವರ ತಪ್ಪಲ್ಲ. ಬೇಗ ಒಣಗಿಸಿದರೆ ಹೊರಗಿನ ಪದರ ಕುಗ್ಗುತ್ತದೆ, ಒಳಗಿನದು ಊದಿಯೇ ಇರುತ್ತದೆ, ಆಗ ಬರುವ ಸದ್ದೇ "ಟಿಕ್".

ಹೀಗೆ ಮಾಡಿ. ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಚೆನ್ನಾಗಿ ಹುರಿದು ಆರಿಸಿದ ಅಕ್ಕಿ ತುಂಬಿದ ಸ್ಟೀಲ್ ಡಬ್ಬದಲ್ಲಿ, ಅಕ್ಕಿಗೆ ತಾಗದಂತೆ ಒಂದು ಬಟ್ಟಲಿನ ಮೇಲೆ ಇಡಿ. ಗಟ್ಟಿ ಮುಚ್ಚಿ. ಎರಡು ದಿನಕ್ಕೊಮ್ಮೆ ಅಕ್ಕಿ ಬದಲಿಸಿ. ಎಸಿ ಬೇಡ. ಒಂದು ವಾರದ ಮೊದಲು ಮುಟ್ಟಬೇಡಿ. ಮುಟ್ಟುವಾಗ ಎಳೆಯಬೇಡಿ, ಮುಚ್ಚಳದ ನಾಲ್ಕೂ ಬದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ.

ಪಣಂಬೂರು_ಪಯಣಿಗ

ಅಕ್ಕಿ ಹುರಿಯುತ್ತಿದ್ದೇನೆ. ಅತ್ತೆ ಬಂದು "ಏನು ಪ್ರಸಾದವಾ?" ಎಂದು ಕೇಳಿದರು. ಹೌದು ಅಂದೆ.

ಸಂಶಯ_ಪಿಶಾಚಿ

ದೇವರ ಕಾಲದ್ದು ತಾನೇ, ತಪ್ಪೇನಿಲ್ಲ.

ಪಣಂಬೂರು_ಪಯಣಿಗ

ಹನ್ನೊಂದನೇ ದಿನ. ತೆರೆಯಿತು!

ಬೆಳಿಗ್ಗೆ ತಟ್ಟುತ್ತಿದ್ದಾಗ ಮುಚ್ಚಳ ಒಂದು ಕೂದಲೆಳೆಯಷ್ಟು ಎದ್ದಿತು. ಆಮೇಲೆ ತಾನಾಗಿ ಬಂತು, ಉಸಿರು ಬಿಟ್ಟ ಹಾಗೆ. ಒಳಗೆ ಒಂದು ವಾಸನೆ. ಹಳೆಯ ಪುಸ್ತಕವಲ್ಲ, ಸಾಗುವಾನಿಯೂ ಅಲ್ಲ. ಮೊದಲ ಮಳೆ ಬಿದ್ದ ಗದ್ದೆಯ ಬದುವಿನಲ್ಲಿ ನಿಂತರೆ ಬರುವಂಥದ್ದು, ಸ್ವಲ್ಪ ಒಣಗಿದ್ದು. ಕೀ ಇತ್ತು. ಬೀರು ತೆರೆದಾಗಿದೆ. ಮನೆಯಲ್ಲಿ ಮಾತುಕತೆ ಮತ್ತೆ ಶುರುವಾಗಿದೆ.

ಮುಚ್ಚಳದ ಒಂದು ಮೂಲೆಯಲ್ಲಿ ಗೆರೆಯಂಥ ಬಿರುಕಿದೆ, ಅರ್ಧ ಇಂಚು. ಹೇರ್ ಡ್ರೈಯರ್‌ನದ್ದೇ. ಅಂಟು ಹಾಕಲೇ?

ಉಳಿ_ಸುತ್ತಿಗೆ

ಬೇಡ. ಈಗ ಅಂಟು ಹಾಕಿದರೆ ಬೇಸಿಗೆಯಲ್ಲಿ ಪಕ್ಕದಲ್ಲಿ ಇನ್ನೊಂದು ಬಿರುಕು ಬರುತ್ತದೆ. ಜನವರಿವರೆಗೆ ಸುಮ್ನೆ ಬಿಡಿ, ಆಮೇಲೆ ಫೋಟೊ ಹಾಕಿ. ಅಲ್ಲಿಯವರೆಗೆ ಮುಚ್ಚಳ ಬೇರೆ, ಡಬ್ಬಿ ಬೇರೆ ಇಡಿ.

ಪಣಂಬೂರು_ಪಯಣಿಗ

ಆಗಲಿ. ಹೆಂಡತಿ ಈಗ ಮುಚ್ಚಳದ ಮೇಲೆ ಕಾಫಿ ಲೋಟ ಇಡುತ್ತಿದ್ದಾಳೆ. ಬೆಲೆ ಹೇಳಿಬಿಡಲೇ ಬೇಡವೇ ಎಂದು ಯೋಚಿಸುತ್ತಿದ್ದೇನೆ.